ಪರವೂರಿನ ಹುಡುಗನಿಗೆ ಜಾಮೀನು ಯಾರು?

ಬಾಲನ್ಯಾಯ ಸುಧಾರಣೆ: ಕಾನೂನು ಬದಲಾದರೂ ಉಳಿದಿರುವ ಕೊರತೆಗಳು, ಹೊರನಾಡ ಕನ್ನಡ ಸಂಘಗಳ ಮುಂದಿರುವ ಕೆಲಸ

ತಿರುವನಂತಪುರ: ಇಲ್ಲಿನ ಕಿಳಕ್ಕೇಕೋಟೆಯಿಂದ ಕಿಳ್ಳಿಪ್ಪಾಲದ ಕಡೆಗೆ ಚಾಚಿಕೊಂಡಿರುವ ಚಾಲೈ ಪೇಟೆಗೆ ಇನ್ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ತಿರುವಿದಾಂಕೂರು ಸಂಸ್ಥಾನದ ದಿವಾನರಾಗಿದ್ದ ರಾಜಾ ಕೇಶವದಾಸರು 18ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿಸಿದ ಪೇಟೆಯಿದು. ಮಲಯಾಳಿಗಳ ಬಾಯಲ್ಲಿ ಅದು 'ಚಾಲ', ತಮಿಳರ ಬಾಯಲ್ಲಿ 'ಚಾಲೈ'. ದಿನಸಿ, ಬೆಲ್ಲ, ಬಾಳೆ, ಹೂವು, ಪಾತ್ರೆ, ಚಿನ್ನ ಎಲ್ಲವೂ ಸಿಗುವ ಈ ಬೀದಿಗಳಲ್ಲಿ ಮೊದಲಿನಿಂದಲೂ ಹೊರಗಿನಿಂದ ಬಂದವರ ಮಾತು ಹೆಚ್ಚು. ತಂಪಾನೂರಿನ ರೈಲು ನಿಲ್ದಾಣ ಹತ್ತಿರವೇ ಇದೆ. ರೈಲಿನಿಂದ ಇಳಿದು ಕೈಯಲ್ಲಿ ಕಾಸಿಲ್ಲದೆ ಕೆಲಸ ಹುಡುಕುವವನು ಮೊದಲು ಕಾಲಿಡುವುದು ಇಂಥ ಪೇಟೆಗೇ. ಅವರಲ್ಲಿ ಮೀಸೆ ಚಿಗುರದ ಹುಡುಗರೂ ಇರುತ್ತಾರೆ.

ಚಾಲೈಯಿಂದ ಕೆಲವೇ ಕಿಲೋಮೀಟರ್ ದೂರದ ಪೂಜಪ್ಪುರದಲ್ಲಿ ಎರಡು ಬಾಗಿಲುಗಳಿವೆ. ಒಂದು 1886ರಲ್ಲಿ ಆರಂಭವಾದ ಕೇಂದ್ರ ಕಾರಾಗೃಹದ್ದು. ಇನ್ನೊಂದು 18 ವರ್ಷ ತುಂಬದ, ಅಪರಾಧದ ಆರೋಪ ಹೊತ್ತ ಮಕ್ಕಳನ್ನು ಇರಿಸುವ ಸರಕಾರಿ ವೀಕ್ಷಣಾಲಯದ್ದು. ಎರಡನೆಯ ಬಾಗಿಲಿಗೆ ಹೋಗಬೇಕಾದ ಮಗು ಮೊದಲನೆಯದರೊಳಗೆ ಹೋಗಬಾರದು. ಎರಡನೆಯದರಿಂದ ಹೊರಬಂದವನು ಮುಂದೊಂದು ದಿನ ಮೊದಲನೆಯದನ್ನು ಸೇರಬಾರದು. ಬಾಲನ್ಯಾಯ ಎಂಬ ದೊಡ್ಡ ಮಾತಿನ ತಿರುಳು ಇಷ್ಟೇ. ಆದರೆ ಇಷ್ಟನ್ನು ಸಾಧಿಸಲು ದೇಶ ನೂರು ವರ್ಷಗಳಿಂದ ಕಾನೂನು ಬರೆಯುತ್ತಾ, ತಿದ್ದುತ್ತಾ ಬಂದಿದೆ. ಇನ್ನೂ ಗುರಿ ಮುಟ್ಟಿಲ್ಲ.

ಹೆಸರು ಬದಲಾಯಿತು

ಮಕ್ಕಳ ಅಪರಾಧಕ್ಕೆ ಬೇರೆಯೇ ದಾರಿ ಬೇಕೆಂಬ ಅರಿವು ಬ್ರಿಟಿಷರ ಕಾಲದಲ್ಲೇ ಮೂಡಿತ್ತು. 1850ರ ಅಪ್ರೆಂಟಿಸ್ ಕಾಯಿದೆ ಸಣ್ಣ ತಪ್ಪು ಮಾಡಿದ ಮಕ್ಕಳನ್ನು ಜೈಲಿನ ಬದಲು ಕಸುಬು ಕಲಿಯಲು ಹಚ್ಚುವ ಅವಕಾಶ ಕೊಟ್ಟಿತು. 1920ರಲ್ಲಿ ಮದ್ರಾಸ್ ಪ್ರಾಂತ್ಯ ಮಕ್ಕಳಿಗಾಗಿಯೇ ಪ್ರತ್ಯೇಕ ಕಾಯಿದೆ ತಂದಿತು. ಆಗ ದಕ್ಷಿಣ ಕನ್ನಡ, ಅದರೊಳಗಿದ್ದ ಕಾಸರಗೋಡು, ಅತ್ತ ಬಳ್ಳಾರಿ ಎಲ್ಲವೂ ಅದೇ ಪ್ರಾಂತ್ಯಕ್ಕೆ ಸೇರಿದ್ದವು. ಸ್ವಾತಂತ್ರ್ಯಾನಂತರ ಕರ್ನಾಟಕದಲ್ಲಿ 1964ರ ಮಕ್ಕಳ ಕಾಯಿದೆ ಬಂತು. ಹೀಗೆ ರಾಜ್ಯಕ್ಕೊಂದು ನಿಯಮ, ಊರಿಗೊಂದು ಪದ್ಧತಿ ಎಂಬಂತಿದ್ದಾಗ ಪತ್ರಕರ್ತೆ ಶೀಲಾ ಬರ್ಸೆ ಅವರು ಸುಪ್ರೀಂ ಕೋರ್ಟಿನ ಮೊರೆ ಹೋದರು. ಜೈಲುಗಳಲ್ಲಿ ಕೊಳೆಯುತ್ತಿದ್ದ ಮಕ್ಕಳ ಸ್ಥಿತಿ ಬೆಳಕಿಗೆ ಬಂತು. 1986ರಲ್ಲಿ ದೇಶಕ್ಕೆಲ್ಲ ಒಂದೇ ಆದ ಬಾಲನ್ಯಾಯ ಕಾಯಿದೆ ಜಾರಿಗೆ ಬಂತು. ಆಗ ಹುಡುಗರಿಗೆ 16, ಹುಡುಗಿಯರಿಗೆ 18 ವರ್ಷದ ಮಿತಿ ಇತ್ತು.

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಅದಕ್ಕೆ ತಕ್ಕಂತೆ 2000ದಲ್ಲಿ ಹೊಸ ಕಾಯಿದೆ ಬಂದು ಗಂಡು ಹೆಣ್ಣು ಇಬ್ಬರಿಗೂ 18 ವರ್ಷ ಎಂದಾಯಿತು. 'ಬಾಲಾಪರಾಧಿ' ಎಂಬ ಮಾತನ್ನು ಕೈಬಿಟ್ಟು 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು' ಎಂದು ಕರೆಯುವುದು ರೂಢಿಯಾಯಿತು. ಹೆಸರು ಉದ್ದವಾಯಿತು ಎಂದು ನಗುವವರಿದ್ದಾರೆ. ಆದರೆ ಅಪರಾಧಿ ಎಂಬ ಪಟ್ಟ ಒಮ್ಮೆ ಹಣೆಗೆ ಅಂಟಿದರೆ ಎಷ್ಟು ತೊಳೆದರೂ ಹೋಗದು ಎಂಬುದನ್ನು ಬಲ್ಲವರು ನಗಲಾರರು.

ವಯಸ್ಸಿನ ಜಗಳ

2012ರ ಡಿಸೆಂಬರ್ 16ರಂದು ದಿಲ್ಲಿಯ ಬಸ್ಸಿನಲ್ಲಿ ನಡೆದ ಘೋರ ಕೃತ್ಯ ಎಲ್ಲವನ್ನೂ ಅಲುಗಿಸಿತು. ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಲು ಕೆಲವೇ ತಿಂಗಳು ಬಾಕಿಯಿತ್ತು. ಅವನಿಗೆ ವಿಶೇಷ ಗೃಹದಲ್ಲಿ ಮೂರು ವರ್ಷ ಎಂದು ತೀರ್ಮಾನವಾದಾಗ ದೇಶದಾದ್ಯಂತ ಆಕ್ರೋಶ ವ್ಯಕ್ತವಾಯಿತು. ವಯಸ್ಸಿನ ಮಿತಿ ಇಳಿಸಬೇಕೆಂಬ ಕೂಗೆದ್ದಿತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ಕೊಟ್ಟ ವರದಿಯಲ್ಲಿ ಮಿತಿ ಇಳಿಸಲು ಒಪ್ಪಲಿಲ್ಲ. ಅದೇ ವರ್ಷ ಸುಪ್ರೀಂ ಕೋರ್ಟು ಕೂಡ ಇಳಿಸಲು ನಿರಾಕರಿಸಿತು. ಸಂಸತ್ತಿನ ಸ್ಥಾಯೀ ಸಮಿತಿಯೂ ಹೊಸ ಮಸೂದೆಗೆ ಆಕ್ಷೇಪ ಎತ್ತಿತು. ಆದರೂ 2015ರ ಡಿಸೆಂಬರಿನಲ್ಲಿ ರಾಜ್ಯಸಭೆ ಮಸೂದೆಯನ್ನು ಅಂಗೀಕರಿಸಿತು. 2016ರ ಜನವರಿ 15ರಿಂದ ಹೊಸ ಕಾಯಿದೆ ಜಾರಿಗೆ ಬಂತು.

ಇದರಂತೆ ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಘೋರ ಅಪರಾಧದ ಆರೋಪ ಹೊತ್ತ 16ರಿಂದ 18ರ ವಯಸ್ಸಿನವರನ್ನು ಬಾಲನ್ಯಾಯ ಮಂಡಳಿ ಮೊದಲು ಪರಿಶೀಲಿಸುತ್ತದೆ. ಆ ಹುಡುಗನ ದೈಹಿಕ, ಮಾನಸಿಕ ಸಾಮರ್ಥ್ಯವೇನು, ಪರಿಣಾಮದ ಅರಿವು ಅವನಿಗಿತ್ತೆ, ಯಾವ ಸನ್ನಿವೇಶದಲ್ಲಿ ಹೀಗಾಯಿತು ಎಂಬುದನ್ನು ನೋಡಿ, ಬೇಕೆನಿಸಿದರೆ ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲಿ ವಯಸ್ಕರಂತೆ ವಿಚಾರಣೆ ನಡೆಯಬಹುದು. ಹಾಗಾದರೂ ಮರಣದಂಡನೆಯನ್ನಾಗಲಿ, ಬಿಡುಗಡೆಯ ಸಾಧ್ಯತೆಯೇ ಇಲ್ಲದ ಜೀವಾವಧಿಯನ್ನಾಗಲಿ ವಿಧಿಸುವಂತಿಲ್ಲ. ಈ ಪರಿಶೀಲನೆ ಬಹಳ ಸೂಕ್ಷ್ಮದ ಕೆಲಸ, ಅದಕ್ಕೆ ಮನಶ್ಶಾಸ್ತ್ರ ಬಲ್ಲವರ ನೆರವು ಬೇಕು, ಮಾರ್ಗಸೂಚಿ ಬೇಕು ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರ ಜುಲೈಯಲ್ಲಿ. ಮಾರ್ಗಸೂಚಿ ಬಂದದ್ದು 2023ರಲ್ಲಿ. ಅಂದರೆ ಕಾಯಿದೆ ಜಾರಿಯಾಗಿ ಏಳು ವರ್ಷಗಳ ನಂತರ!

ಕೇರಳದಲ್ಲಿ ಈ ಚರ್ಚೆ 2025ರಲ್ಲಿ ಮತ್ತೆ ಬಿಸಿಯೇರಿತು. ಆ ವರ್ಷದ ಫೆಬ್ರವರಿ ಕೊನೆಯಲ್ಲಿ ಕೋಝಿಕ್ಕೋಡ್ ಜಿಲ್ಲೆಯ ತಾಮರಶ್ಶೇರಿಯಲ್ಲಿ ವಿದ್ಯಾರ್ಥಿಗಳ ಗುಂಪುಗಳ ನಡುವೆ ನಡೆದ ಹೊಡೆದಾಟದಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ ಜೀವ ಕಳೆದುಕೊಂಡ. ಆರೋಪ ಹೊತ್ತವರೂ ಹತ್ತನೇ ತರಗತಿಯವರೇ. ಅವರಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯಲು ಅವಕಾಶ ಕೊಟ್ಟಾಗ ಪ್ರತಿಭಟನೆ ನಡೆಯಿತು. ಕೊನೆಗೆ ವೆಳ್ಳಿಮಾಡುಕುನ್ನಿನ ವೀಕ್ಷಣಾಲಯದ ಒಳಗೇ ಪರೀಕ್ಷೆ ಬರೆಸಬೇಕಾಯಿತು. ತಡೆಹಿಡಿದ ಅವರ ಫಲಿತಾಂಶದ ವಿಷಯ ಹೈಕೋರ್ಟಿನವರೆಗೆ ಹೋಯಿತು. ಜೂನ್ ತಿಂಗಳಲ್ಲಿ ಅವರಿಗೆ ಜಾಮೀನು ಸಿಕ್ಕಿತು.

ಮಗನನ್ನು ಕಳೆದುಕೊಂಡ ತಂದೆತಾಯಿಯ ದುಃಖಕ್ಕೆ ಸಮಾಧಾನದ ಮಾತು ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ. ತಮ್ಮ ಮಗನಿಗೆ ಇಲ್ಲದ ಪರೀಕ್ಷೆ ಇವರಿಗೇಕೆ ಎಂದು ಆ ಮನೆಯವರು ಕೇಳಿದರೆ ಅದನ್ನು ತಪ್ಪೆನ್ನುವ ಧೈರ್ಯ ಯಾರಿಗೂ ಇರಲಾರದು. ಆದರೆ ವಿಚಾರಣೆ ಮುಗಿಯುವ ಮೊದಲೇ ಪರೀಕ್ಷೆ ತಪ್ಪಿಸಿದರೆ ಅದೂ ಒಂದು ಶಿಕ್ಷೆಯೇ. ಮತ್ತು ಓದು ನಿಂತ ಹುಡುಗ ಸಮಾಜಕ್ಕೆ ಇನ್ನಷ್ಟು ದೂರವಾಗುತ್ತಾನೆ. ನಮ್ಮ ಗಾದೆಗಳೂ ಎರಡು ಬಗೆಯಲ್ಲಿ ಮಾತನಾಡುತ್ತವೆ. 'ಮಾಡಿದ್ದುಣ್ಣೋ ಮಹಾರಾಯ' ಎನ್ನುವ ಬಾಯಿಯೇ 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದೂ ಹೇಳುತ್ತದೆ. ಸಾಮಾನ್ಯವಾಗಿ ಮೊದಲನೆಯದನ್ನು ಬೇರೆಯವರ ಮಕ್ಕಳಿಗೂ ಎರಡನೆಯದನ್ನು ನಮ್ಮ ಮಕ್ಕಳಿಗೂ ಬಳಸುತ್ತೇವೆ ಎಂಬುದೇ ಬೇಸರದ ಸಂಗತಿ.

ಕಾಯಿದೆ ಇದೆ, ಕೈಗಳಿಲ್ಲ

ಈ ವಯಸ್ಸಿನ ಜಗಳದ ಗದ್ದಲದಲ್ಲಿ ಮುಖ್ಯವಾದ ವಿಷಯ ಮರೆಯಾಗುತ್ತಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2021ರಲ್ಲಿ ಮಕ್ಕಳ ಮೇಲೆ ದಾಖಲಾದ ಪ್ರಕರಣಗಳು 31,170, 2022ರಲ್ಲಿ 30,555. ದೇಶದಲ್ಲಿ ದಾಖಲಾಗುವ ಒಟ್ಟು ಅಪರಾಧಗಳೊಂದಿಗೆ ಹೋಲಿಸಿದರೆ ಇದು ನೂರಕ್ಕೆ ಒಂದೂ ಅಲ್ಲ. ಘೋರ ಎನ್ನುವಂಥವು ಇದರಲ್ಲಿ ಒಂದು ಭಾಗ ಮಾತ್ರ. ಉಳಿದಂತೆ ಕಳವು, ಹೊಡೆದಾಟ ಮುಂತಾದವೂ ಸಾಕಷ್ಟಿವೆ. ಇಂಥ ಮಕ್ಕಳ ಪಾಲಿಗೆ ಬಾಲನ್ಯಾಯ ಎಂದರೆ 16ರ ಮಿತಿಯೋ 18ರ ಮಿತಿಯೋ ಎಂಬ ವಾದವಲ್ಲ. ಮಂಡಳಿ ಯಾವ ದಿನ ಕೂಡುತ್ತದೆ, ಪರಿವೀಕ್ಷಣಾಧಿಕಾರಿ ವರದಿ ಯಾವಾಗ ಕೊಡುತ್ತಾರೆ, ಮನೆಗೆ ಯಾವಾಗ ಹೋಗಬಹುದು ಎಂಬ ಪ್ರಶ್ನೆಗಳು.

2025ರ ನವೆಂಬರಿನಲ್ಲಿ ಪ್ರಕಟವಾದ 'ಇಂಡಿಯಾ ಜಸ್ಟಿಸ್ ರಿಪೋರ್ಟ್' ತಂಡದ ಅಧ್ಯಯನ ಇದರ ಲೆಕ್ಕ ಕೊಟ್ಟಿದೆ. 2023ರ ಅಕ್ಟೋಬರ್ 31ಕ್ಕೆ 362 ಬಾಲನ್ಯಾಯ ಮಂಡಳಿಗಳ ಮುಂದಿದ್ದ ಒಂದು ಲಕ್ಷದಷ್ಟು ಪ್ರಕರಣಗಳಲ್ಲಿ ಶೇ. 55ರಷ್ಟು ಇತ್ಯರ್ಥವಾಗದೆ ಉಳಿದಿದ್ದವು. ನಾಲ್ಕರಲ್ಲಿ ಒಂದು ಮಂಡಳಿಗೆ ಪೂರ್ಣ ಪೀಠವೇ ಇರಲಿಲ್ಲ. ಒಡಿಶಾದಲ್ಲಿ ಬಾಕಿ ಶೇ. 83 ಇದ್ದರೆ ಕರ್ನಾಟಕದಲ್ಲಿ ಶೇ. 35. ಕನ್ನಡಿಗರು ಇದಕ್ಕೆ ಹೆಮ್ಮೆಪಡಬಹುದು. ಆದರೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಎಂದರೆ ಅದು ಸಣ್ಣ ಬಾಕಿಯಲ್ಲ.

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜಸೇವಕರು ಇರಬೇಕು. ಆ ಇಬ್ಬರಲ್ಲಿ ಕನಿಷ್ಠ ಒಬ್ಬರು ಮಹಿಳೆ. ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು. ಕಾರಣವಿದ್ದರೆ ಇನ್ನೆರಡು ತಿಂಗಳು. ಸಣ್ಣ ಅಪರಾಧವಾದರೆ ಅಷ್ಟರೊಳಗೂ ಮುಗಿಯದಿದ್ದಲ್ಲಿ ಪ್ರಕರಣವೇ ಮುಕ್ತಾಯ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ. ಆದರೆ ಸದಸ್ಯರ ಕುರ್ಚಿ ಖಾಲಿಯಿದ್ದರೆ, ಪರಿವೀಕ್ಷಣಾಧಿಕಾರಿಯ ಮೇಜಿನ ಮೇಲೆ ಕಡತಗಳು ಗುಡ್ಡೆ ಬಿದ್ದಿದ್ದರೆ ಗಡುವು ಎಂಬುದು ಗೋಡೆಯ ಕ್ಯಾಲೆಂಡರಿನಲ್ಲೇ ಉಳಿಯುತ್ತದೆ. ದೊಡ್ಡವರಿಗೆ ಆರು ತಿಂಗಳೆಂದರೆ ಆರು ತಿಂಗಳು. ಹದಿನೈದರ ಹುಡುಗನಿಗೆ ಅದು ಒಂದು ಶಾಲಾ ವರ್ಷ.

ಕೃಷ್ಣ ಅಯ್ಯರ್ ಎತ್ತಿದ ಪ್ರಶ್ನೆ

ಹೊರನಾಡ ಕನ್ನಡಿಗರಿಗೆ ಈ ವಿಷಯ ಏಕೆ ಮುಖ್ಯ ಎಂಬುದಕ್ಕೆ ಉತ್ತರ 1978ರ ಒಂದು ತೀರ್ಪಿನಲ್ಲಿದೆ. ಮಧ್ಯಪ್ರದೇಶದ ಮೋತಿರಾಮ್ ಎಂಬ ಬಡ ಗಾರೆ ಕೆಲಸಗಾರನಿಗೆ ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿತ್ತು. ಆದರೆ ಕೆಳಗಿನ ನ್ಯಾಯಾಲಯ 10,000 ರೂಪಾಯಿಯ ಜಾಮೀನುದಾರರನ್ನು ಕೇಳಿತು. ಸಹೋದರ ಮುಂದೆ ಬಂದರೆ ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಪ್ರಕರಣ ಮತ್ತೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಮುಂದೆ ಬಂತು. ಮಲಯಾಳಿಯೋ ಕನ್ನಡಿಗನೋ ತಮಿಳನೋ ಆಂಧ್ರದವನೋ ದೂರದ ಬಸ್ತರ್‌ನಲ್ಲಿ, ಪಹಲ್ಗಾಮ್‌ನಲ್ಲಿ, ದಿಲ್ಲಿಯ ಚಾಂದನಿ ಚೌಕದಲ್ಲಿ ಬಂಧನಕ್ಕೊಳಗಾದರೆ ಅಲ್ಲಿ ಆಸ್ತಿಯುಳ್ಳ ಜಾಮೀನುದಾರರನ್ನು ಎಲ್ಲಿಂದ ತರಬೇಕು ಎಂದು ಅವರು ಕೇಳಿದರು. ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಮೋತಿರಾಮನನ್ನು ಬಿಡುವಂತೆ ಆದೇಶಿಸಿದರು. ದೇಶದ ಅತ್ಯುನ್ನತ ನ್ಯಾಯಾಲಯದ ತೀರ್ಪಿನಲ್ಲಿ ಪರವೂರಿನ ಕನ್ನಡಿಗನ ಹೆಸರೆತ್ತಿ ಕೇಳಿದ ಪ್ರಶ್ನೆ ಅದು.

ಕೃಷ್ಣ ಅಯ್ಯರ್ ಕೇರಳದವರೇ. 1957ರ ಇ.ಎಂ.ಎಸ್. ಮಂತ್ರಿಮಂಡಲದಲ್ಲಿ ಕಾನೂನು, ಜೈಲು ಮುಂತಾದ ಖಾತೆಗಳನ್ನು ನೋಡಿಕೊಂಡವರು. ನಿವೃತ್ತಿಯ ನಂತರ ಕೊಚ್ಚಿಯಲ್ಲಿ ನೆಲೆಸಿ, 2014ರ ಡಿಸೆಂಬರಿನಲ್ಲಿ ಅಲ್ಲೇ ಕೊನೆಯುಸಿರೆಳೆದರು. ಅವರ ಪ್ರಶ್ನೆ ದೊಡ್ಡವರ ಕುರಿತದ್ದು. ಅದನ್ನು ಮಕ್ಕಳಿಗೆ ಅನ್ವಯಿಸಿ ನೋಡಿದರೆ ಇನ್ನೂ ಕಠಿಣವಾಗಿ ಕೇಳಿಸುತ್ತದೆ.

ಕಾಗದ, ಮಾತು, ಮನೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಯಾರೊಬ್ಬರ ಕಥೆಯಲ್ಲ, ಕಾನೂನಿನ ದಾರಿ ತಿಳಿಯಲು ಮಾಡಿಕೊಂಡ ಕಲ್ಪನೆ ಅಷ್ಟೆ. ರಾಯಚೂರು ಕಡೆಯ 16 ವರ್ಷದ ಹುಡುಗ ಮೇಸ್ತ್ರಿಯೊಬ್ಬನ ಹಿಂದೆ ಕೇರಳಕ್ಕೆ ಬಂದಿದ್ದಾನೆ. ಕೆಲಸ ತಪ್ಪಿದೆ. ಚಾಲೈಯಲ್ಲಿ ಅಂಗಡಿಯೊಂದರ ಮುಂದೆ ಮೊಬೈಲ್ ಕದ್ದ ಎಂಬ ಆರೋಪದ ಮೇಲೆ ಸಿಕ್ಕಿಬಿದ್ದಿದ್ದಾನೆ.

ಕಾನೂನಿನ ಪ್ರಕಾರ ಇದು ಸಣ್ಣ ಅಪರಾಧ. ಎಫ್‌ಐಆರ್ ದಾಖಲಿಸದೆ ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಹುಡುಗನ ಸಾಮಾಜಿಕ ಹಿನ್ನೆಲೆಯ ವರದಿಯನ್ನು ಮಂಡಳಿಗೆ ಕಳಿಸಿದರೆ ಸಾಕು. ಕೈಗೆ ಕೋಳ ಹಾಕುವಂತಿಲ್ಲ, ಲಾಕಪ್ಪಿನಲ್ಲಿ ಇಡುವಂತಿಲ್ಲ, ಸಮವಸ್ತ್ರದಲ್ಲಿ ಮಾತನಾಡಿಸುವಂತಿಲ್ಲ. ತಂದೆತಾಯಿಯನ್ನು ಕರೆಸಬೇಕು. ಚಾಲೈಯ ಹುಡುಗನೇ ಆಗಿದ್ದರೆ ಅರ್ಧ ಗಂಟೆಯಲ್ಲಿ ತಾಯಿ ಬಂದು, ಅತ್ತು, ಬೈದು, ಮನೆಗೆ ಕರೆದೊಯ್ಯುತ್ತಿದ್ದಳು. ರಾಯಚೂರಿನ ತಾಯಿ ಎಲ್ಲಿಂದ ಬರಬೇಕು? ಒಂದೇ ತಪ್ಪಿಗೆ ಊರಿನ ಹುಡುಗ ಮನೆಗೂ ಪರವೂರಿನ ಹುಡುಗ ವೀಕ್ಷಣಾಲಯಕ್ಕೂ ಹೋಗುವ ಸಂಭವ ಇರುವುದು ಇಲ್ಲಿಯೇ.

ಮೊದಲ ತೊಡಕು ಕಾಗದದ್ದು. ಹುಡುಗನಿಗೆ 16 ಎಂದು ಹೇಳುವವರು ಯಾರು? ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯತಿ ಅಥವಾ ಪುರಸಭೆಯ ಜನನ ಪತ್ರ, ಎರಡೂ ಇಲ್ಲವಾದರೆ ಮಾತ್ರ ಎಲುಬಿನ ಪರೀಕ್ಷೆ. ಈ ಕ್ರಮ ಕಾಯಿದೆಯಲ್ಲೇ ಇದೆ. ಶಾಲೆ ಬಿಟ್ಟ ಹುಡುಗನ ಪತ್ರ ಊರಿನ ಶಾಲೆಯ ಬೀರುವಿನಲ್ಲಿರುತ್ತದೆ. ಅದನ್ನು ತರಿಸಲು ಕನ್ನಡ ಬಲ್ಲ ಒಬ್ಬರು ಮುಖ್ಯೋಪಾಧ್ಯಾಯರಿಗೆ ಒಂದು ಫೋನ್ ಮಾಡಿದರೆ ಎಷ್ಟೋ ದಿನಗಳು ಉಳಿಯುತ್ತವೆ. ಕಾಗದ ಇಲ್ಲದ್ದರಿಂದ ಆಗುವ ಅನಾಹುತ ಸಣ್ಣದಲ್ಲ. ಅಪರಾಧ ನಡೆದಾಗ ಹನ್ನೆರಡು ವರ್ಷದವನಾಗಿದ್ದ ಒಬ್ಬಾತ ಮರಣದಂಡನೆಗೆ ಗುರಿಯಾಗಿ, 28 ವರ್ಷ ಜೈಲಿನಲ್ಲಿ ಕಳೆದು, ಊರ ಶಾಲೆಯ ದಾಖಲೆಯ ಆಧಾರದ ಮೇಲೆ 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನಿಂದ ಬಿಡುಗಡೆ ಪಡೆದದ್ದನ್ನು ದೇಶ ಕಂಡಿದೆ.

ಎರಡನೆಯ ತೊಡಕು ಮಾತಿನದ್ದು. ಕಾಸರಗೋಡಿನಲ್ಲಿ ಕನ್ನಡಿಗರಿಗೆ ಭಾಷಾ ಅಲ್ಪಸಂಖ್ಯಾತರೆಂಬ ಮಾನ್ಯತೆಯಿದೆ. ಕನ್ನಡ ಬಲ್ಲ ನೌಕರರೂ ಸಿಗುತ್ತಾರೆ. ತಿರುವನಂತಪುರದಲ್ಲಿ, ಕೊಚ್ಚಿಯಲ್ಲಿ ಆ ಅನುಕೂಲವಿಲ್ಲ. ಮಂಡಳಿಯ ಮುಂದೆ ನಿಂತ ಹುಡುಗನಿಗೆ ಮಲಯಾಳಂ ಬಾರದು, ಕೇಳುವವರಿಗೆ ಕನ್ನಡ ಬಾರದು. ಭಾಷಾಂತರಕಾರರ ಪಟ್ಟಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಟ್ಟುಕೊಳ್ಳಬೇಕೆಂದು ನಿಯಮ ಹೇಳುತ್ತದೆ. ಪಟ್ಟಿಯಲ್ಲಿ ಕನ್ನಡಿಗರೇ ಇಲ್ಲದಿದ್ದರೆ ನಿಯಮ ಏನು ಮಾಡೀತು? ಪರಿವೀಕ್ಷಣಾಧಿಕಾರಿ 15 ದಿನಗಳೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆಯಲ್ಲಿ ಯಾರಿದ್ದಾರೆ, ಶಾಲೆ ಏಕೆ ಬಿಟ್ಟ, ಯಾರ ಸಹವಾಸ ಎಂಬುದೆಲ್ಲ ಅದರಲ್ಲಿ ಬರಬೇಕು. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ತೆಗೆದ ವರದಿಯಲ್ಲಿ ಹುಡುಗನ ಮನಸ್ಸು ಎಷ್ಟು ಬಂದೀತು?

ಮೂರನೆಯ ತೊಡಕು ಮನೆಯದ್ದು. ಬಾಲನ್ಯಾಯ ಕಾಯಿದೆಯಲ್ಲಿ ಜಾಮೀನು ಕೊಡುವುದೇ ನಿಯಮ, ನಿರಾಕರಣೆ ಅಪವಾದ. ಜಾಮೀನುದಾರರು ಇಲ್ಲದೆಯೂ ಬಿಡಬಹುದು. ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿ ಅಥವಾ 'ಯೋಗ್ಯ ವ್ಯಕ್ತಿ' ಎಂದು ಒಪ್ಪಿಕೊಂಡವರ ಆರೈಕೆಯಲ್ಲಿ ಇರಿಸಬಹುದು. ಆದರೆ ಹೊರಗೆ ಕೆಟ್ಟ ಸಹವಾಸಕ್ಕೆ ಬೀಳುತ್ತಾನೆ, ಅಪಾಯಕ್ಕೆ ಸಿಲುಕುತ್ತಾನೆ ಎಂದು ಕಂಡರೆ ನಿರಾಕರಿಸಬಹುದು. ವಿಳಾಸವೇ ಇಲ್ಲದ ಹುಡುಗನನ್ನು ಚಾಲೈಯ ಬೀದಿಗೆ ಮರಳಿ ಬಿಡಲು ಯಾವ ಮಂಡಳಿಗೆ ಧೈರ್ಯ ಬಂದೀತು?

ಊರಿಗೇ ಕಳಿಸಬಾರದೇ ಎಂದು ಕೇಳಬಹುದು. ಕಳಿಸಬಹುದು, ತವರು ಜಿಲ್ಲೆಯ ಮಂಡಳಿಗೆ ವರ್ಗಾಯಿಸುವ ಅವಕಾಶ ಕಾಯಿದೆಯ 95ನೇ ಸೆಕ್ಷನ್ನಿನಲ್ಲಿದೆ. ಆದರೆ ಅಪರಾಧದ ಆರೋಪ ಹೊತ್ತ ಮಗುವನ್ನು ವಿಚಾರಣೆ ಮುಗಿದು ಅಂತಿಮ ಆದೇಶವಾದ ಮೇಲಷ್ಟೇ ಕಳಿಸಬೇಕೆಂಬ ಷರತ್ತು ಅಲ್ಲೇ ಇದೆ. ಅಂದರೆ ಕಾಗದ ಬರುವವರೆಗೆ, ಮಾತು ತಿಳಿಯುವವರೆಗೆ ಹುಡುಗ ಇಲ್ಲಿಯೇ ಇರಬೇಕು. ಕಾನೂನು ಯಾರನ್ನೂ ಪರವೂರಿನವನೆಂದು ಭೇದ ಮಾಡಿಲ್ಲ. ಆದರೆ ತನ್ನವರಿಲ್ಲದ ಜಾಗದಲ್ಲಿ ಸಿಕ್ಕಿಬಿದ್ದದ್ದೇ ಅವನಿಗೆ ಹೆಚ್ಚುವರಿ ಶಿಕ್ಷೆಯಾಗುತ್ತದೆ.

'ಕಾವಲ್' ತೋರಿದ ದಾರಿ

ಕತ್ತಲೆಯನ್ನಷ್ಟೇ ಹೇಳಿದರೆ ಸಾಲದು. ಕೇರಳ ಸರಕಾರ 2016ರಲ್ಲಿ 'ಕಾವಲ್' ಎಂಬ ಯೋಜನೆ ಆರಂಭಿಸಿತು. ಮಲಯಾಳದ ಕಾವಲ್ ನಮ್ಮ ಕಾವಲೇ. ಇದಕ್ಕೆ ಬೆನ್ನೆಲುಬಾಗಿ ನಿಂತದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ. ಕೆಲವು ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾದದ್ದು ಆಮೇಲೆ ರಾಜ್ಯದ 14 ಜಿಲ್ಲೆಗಳಿಗೂ ವಿಸ್ತರಿಸಿತು.

ಇದರ ರೀತಿ ಸರಳ. ಮಗುವನ್ನು ಗೋಡೆಯೊಳಗೆ ಇಟ್ಟು ತಿದ್ದುವ ಬದಲು ಅವನ ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲೇ ಅವನೊಂದಿಗೆ ಕೆಲಸ ಮಾಡುವುದು. ಸ್ವಯಂಸೇವಾ ಸಂಸ್ಥೆಗಳ ತರಬೇತಿ ಪಡೆದ ಸಮಾಜಕಾರ್ಯಕರ್ತರು ಮಗುವಿನ ಮನೆಗೆ ಮತ್ತೆ ಮತ್ತೆ ಹೋಗುತ್ತಾರೆ. ಶಾಲೆಗೆ ಮರಳಿ ಸೇರಿಸುತ್ತಾರೆ, ಇಲ್ಲವೇ ಕಸುಬು ಕಲಿಸುತ್ತಾರೆ. ಕುಡಿತ, ಮಾದಕ ವಸ್ತುವಿನ ಚಟವಿದ್ದರೆ ಚಿಕಿತ್ಸೆಗೆ ಕರೆದೊಯ್ಯುತ್ತಾರೆ. ತಂದೆತಾಯಿಯೊಂದಿಗೆ ಮಾತನಾಡುತ್ತಾರೆ. ಕನ್ನಡ ನೆಲದ ಸಂಸ್ಥೆಯೊಂದರ ವಿದ್ಯೆ ಕೇರಳದ ಮಕ್ಕಳ ಕೈಹಿಡಿದಿದೆ ಎಂಬುದು ಸಂತೋಷದ ವಿಷಯ. ಆದರೆ ಈ ಕಾವಲು ಮನೆಯಿರುವ ಮಗುವಿಗೆ ಹೆಚ್ಚು ಸುಲಭವಾಗಿ ಒದಗುತ್ತದೆ. ಮನೆ ಎಂಟುನೂರು, ಸಾವಿರ ಕಿಲೋಮೀಟರ್ ದೂರವಿರುವವನಿಗೆ ಹತ್ತಿರದ ಯಾರಾದರೂ ಮನೆಯವರಾಗಬೇಕು.

ಸಂಘಗಳು ಏನು ಮಾಡಬಹುದು?

ಈ ಕೆಲಸ ಕನ್ನಡಿಗರಿಗೆ ಹೊಸದಲ್ಲ. ಒಂದು ಕಾಲದಲ್ಲಿ ಕರಾವಳಿಯಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಚಡ್ಡಿ ಅಂಗಿಯಲ್ಲೇ ಮುಂಬಯಿ ಸೇರಿ ಹೋಟೆಲುಗಳಲ್ಲಿ ಮಾಣಿಗಳಾಗುತ್ತಿದ್ದರು. ಇಂದಿನ ಕಾನೂನಿನ ಕಣ್ಣಿಗೆ ಅವರೆಲ್ಲರೂ ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳು. ಹಗಲೆಲ್ಲ ಲೋಟ ತೊಳೆದ ಆ ಹುಡುಗರು ಹಾದಿ ತಪ್ಪದಂತೆ ನೋಡಿಕೊಂಡದ್ದರಲ್ಲಿ ಅಲ್ಲಿನ ಕನ್ನಡಿಗರು ನಡೆಸಿದ ರಾತ್ರಿ ಶಾಲೆಗಳ ಪಾತ್ರ ದೊಡ್ಡದು. ಅಲ್ಲಿ ಓದಿದವರು ಮುಂದೆ ಹೋಟೆಲ್ ಮಾಲೀಕರಾದರು, ವಕೀಲರಾದರು, ಬ್ಯಾಂಕಿನವರಾದರು. ಅಂದು ಮಕ್ಕಳ ದುಡಿಮೆಯನ್ನು ತಪ್ಪೆಂದು ಯಾರೂ ತಿಳಿದಿರಲಿಲ್ಲ. ಇಂದು 14ರ ಕೆಳಗಿನವರನ್ನು ಕೆಲಸಕ್ಕಿಡುವುದು ಅಪರಾಧ. ಆದರೆ ಪರವೂರಿನಲ್ಲಿ ನಮ್ಮ ಹುಡುಗನಿಗೆ ನಾವೇ ಹಿರಿಯರು ಎಂಬ ಅಂದಿನ ಭಾವನೆ ಇಂದಿಗೂ ಬೇಕು.

ಬ್ಯಾಂಕಿನಲ್ಲಿ ಹಿಂದೆ ಹೊಸ ಖಾತೆ ತೆರೆಯಬೇಕಾದರೆ ಹಳೆಯ ಖಾತೆದಾರರೊಬ್ಬರು ಪರಿಚಯದ ಸಹಿ ಹಾಕಬೇಕಿತ್ತು. ಸಹಿ ಹಾಕಿದವರು ಸಾಲ ತೀರಿಸುವ ಹೊಣೆ ಹೊರುತ್ತಿರಲಿಲ್ಲ; ಇವನು ನನಗೆ ಗೊತ್ತು ಎಂದಷ್ಟೇ ಹೇಳುತ್ತಿದ್ದರು. ಬಾಲನ್ಯಾಯ ಮಂಡಳಿಯ ಮುಂದೆ ಕನ್ನಡದ ಹುಡುಗನಿಗೆ ಬೇಕಾಗಿರುವುದೂ ಅಂಥದೇ ಒಂದು ಸಹಿ. ಅವನು ಮಾಡಿದ್ದು ಸರಿ ಎಂದು ಯಾರೂ ವಾದಿಸಬೇಕಾಗಿಲ್ಲ.

ಮಾಡಬಹುದಾದ ಕೆಲಸಗಳು ದುಬಾರಿಯವಲ್ಲ. ಕನ್ನಡ, ಮಲಯಾಳಂ ಎರಡೂ ಬಲ್ಲ ನಾಲ್ಕೈದು ಸದಸ್ಯರ ಹೆಸರನ್ನು ಭಾಷಾಂತರಕಾರರಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬಹುದು. ನಿವೃತ್ತ ಶಿಕ್ಷಕರು, ನೌಕರರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ತರಬೇತಿ ಪಡೆದು ಅರೆಕಾನೂನು ಸ್ವಯಂಸೇವಕರಾಗಬಹುದು. ಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಅದರ ಸಹಾಯವಾಣಿ 15100. ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಸಂಘದ ಕ್ಯಾಲೆಂಡರಿನಲ್ಲಿ, ಕನ್ನಡಿಗರ ಹೋಟೆಲುಗಳ ಗಲ್ಲಾದ ಬಳಿ ಬರೆದು ಹಾಕಲು ಖರ್ಚೇನೂ ಇಲ್ಲ. ಊರಿನ ಶಾಲೆಗೆ, ಪಂಚಾಯತಿಗೆ ಫೋನ್ ಮಾಡಿ ಪತ್ರ ತರಿಸುವ ಹೊಣೆಯನ್ನು ಸಂಘದ ಕಾರ್ಯದರ್ಶಿ ವಹಿಸಿಕೊಳ್ಳಬಹುದು. ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣ ಕ್ಷೇತ್ರದಲ್ಲಿ ಏಳು ವರ್ಷ ದುಡಿದವರು ಮಂಡಳಿಯ ಸದಸ್ಯತ್ವಕ್ಕೇ ಅರ್ಜಿ ಹಾಕಬಹುದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಾಲಗೆಯ ಸಂಯಮ. ಆರೋಪ ಹೊತ್ತ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಪ್ರಕಟಿಸುವುದು ಕಾಯಿದೆಯ 74ನೇ ಸೆಕ್ಷನ್ನಿನಂತೆ ಅಪರಾಧ. ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪತ್ರಿಕೆಗಳು ಇದನ್ನು ಬಲ್ಲವು. ವಾಟ್ಸಾಪ್ ಗುಂಪುಗಳಲ್ಲಿ 'ಎಲ್ಲರೂ ಹಂಚಿಕೊಳ್ಳಿ' ಎಂದು ಹುಡುಗನ ಚಿತ್ರ ಕಳಿಸುವವರೂ ಇದನ್ನು ತಿಳಿಯಬೇಕು. ಬಾಲನ್ಯಾಯ ಮಂಡಳಿಯ ತೀರ್ಮಾನದಿಂದ ಹುಡುಗನಿಗೆ ಮುಂದೆ ಯಾವ ಅನರ್ಹತೆಯೂ ಅಂಟಬಾರದು ಎನ್ನುತ್ತದೆ ಕಾನೂನು. ವಯಸ್ಕರಂತೆ ವಿಚಾರಣೆಯಾಗಿ ತಪ್ಪಿತಸ್ಥರೆಂದು ಕಂಡುಬಂದವರಿಗೆ ಮಾತ್ರ ಈ ರಕ್ಷಣೆಯಿಲ್ಲ. ಬಾಲ್ಯದ ಇಂಥ ಪ್ರಕರಣವೊಂದನ್ನು ಮುಂದಿಟ್ಟು ನೌಕರಿ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಸ್ಪಷ್ಟಪಡಿಸಿದೆ. ಸರಕಾರ ದಾಖಲೆ ಅಳಿಸಬಹುದು. ನೆರೆಹೊರೆಯವರ ನೆನಪನ್ನು ಅಳಿಸುವ ಕಾಯಿದೆ ಇಲ್ಲ.

ವಾರ್ಷಿಕೋತ್ಸವದಲ್ಲಿ ಶೇ. 90 ಅಂಕ ಪಡೆದ ಮಕ್ಕಳಿಗೆ ಸಂಘಗಳು ಪ್ರತಿಭಾ ಪುರಸ್ಕಾರ ಕೊಡುತ್ತವೆ. ಅದು ನಡೆಯಲಿ, ಅದರಲ್ಲಿ ಸಂತೋಷವಿದೆ. ಆದರೆ ಆ ಮಕ್ಕಳಿಗೆ ಬೆನ್ನು ತಟ್ಟಲು ಮನೆಯವರಿದ್ದಾರೆ, ಗುರುಗಳಿದ್ದಾರೆ. ಎಂಟನೇ ತರಗತಿಗೆ ಶಾಲೆ ಬಿಟ್ಟು, ಊರು ಬಿಟ್ಟು, ಪರಭಾಷೆಯ ಪೇಟೆಯಲ್ಲಿ ಎಡವಿದ ಹುಡುಗನಿಗೆ ಯಾರೂ ಇಲ್ಲ. ಸಂಘದ ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಐದು ನಿಮಿಷ ಈ ವಿಷಯಕ್ಕೆ ಮೀಸಲಿಟ್ಟು, ಇಬ್ಬರ ಹೆಸರನ್ನು ಬರೆದು ಪೂಜಪ್ಪುರಕ್ಕೆ ಕಳಿಸಿದರೂ ಸಾಕು, ಅಷ್ಟರ ಮಟ್ಟಿಗೆ ಬಾಲನ್ಯಾಯ ವ್ಯವಸ್ಥೆ ಸುಧಾರಿಸಿದಂತೆಯೇ.